ಮನೆ ಮತ್ತು ಕಾನೂನು: ಹುಡುಗನ ಕಾರು, ಚಿಕ್ಕಪ್ಪನ ಹೆಸರು

ಕೊಪ್ಪ ತಾಲ್ಲೂಕಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅದರ ಸಾರಾಂಶ ಇಷ್ಟು: "ನಮ್ಮ ಅಣ್ಣನ ಮಗನಿಗೆ ಇಪ್ಪತ್ತೆರಡು ವರ್ಷ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಕಾರು ಕೊಳ್ಳಬೇಕೆಂದಿದ್ದಾನೆ. ಹುಡುಗರ ಹೆಸರಿನಲ್ಲಿ ವಿಮೆ ಮಾಡಿಸಿದರೆ ಕಂತು ಹೆಚ್ಚಾಗುತ್ತದೆ, ಚಿಕ್ಕಪ್ಪನ ಹೆಸರಿನಲ್ಲಿಯೇ ಕಾರೂ ವಿಮೆಯೂ ಇರಲಿ ಎಂದು ಮನೆಯವರೆಲ್ಲರ ಅಭಿಪ್ರಾಯ. ಹಣ ಅವನದೇ. ನಾನು ಬರಿಯ ಸಹಿ ಹಾಕಬೇಕು. ಒಪ್ಪಿದರೆ ಏನಾದರೂ ತೊಂದರೆಯೆ? ಒಪ್ಪದಿದ್ದರೆ ಅಣ್ಣ ಅತ್ತಿಗೆ ಬೇರೆ ಅರ್ಥ ಕಲ್ಪಿಸಿಕೊಳ್ಳುತ್ತಾರೆ."

ಇದು ಒಬ್ಬರ ಪ್ರಶ್ನೆಯಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಮನೆಗಳಲ್ಲಿ ತೋಟದ ಪಹಣಿ ಹಿರಿಯರ ಹೆಸರಿನಲ್ಲಿರುತ್ತದೆ, ಬ್ಯಾಂಕಿನ ಸಾಲ ಹಿರಿಯರ ಹೆಸರಿನಲ್ಲಿ ಹುಟ್ಟುತ್ತದೆ. ಅದರ ಬೆನ್ನಿಗೇ ಜೀಪು, ಕಾರು, ಪಿಕಪ್ಪು, ಕೊನೆಗೆ ಹುಡುಗ ಓಡಿಸುವ ಬೈಕು ಕೂಡ ಯಜಮಾನರ ಹೆಸರಿಗೇ ಬರುತ್ತದೆ. ವಾಹನ ಯಾರ ಹೆಸರಿನಲ್ಲಿದ್ದರೇನು, ಮನೆಯದೇ ತಾನೆ ಎಂಬ ಭಾವನೆ ಕೂಡುಕುಟುಂಬಕ್ಕೆ ಸಹಜ. ಆದರೆ ಮೋಟಾರು ವಾಹನ ಕಾಯಿದೆಗೆ ಕೂಡುಕುಟುಂಬ ಕಾಣುವುದಿಲ್ಲ. ಅದಕ್ಕೆ ಕಾಣುವುದು ಆರ್.ಸಿ. ಪುಸ್ತಕದಲ್ಲಿರುವ ಒಂದು ಹೆಸರು ಮಾತ್ರ.

ಮೊದಲು ಕಂತಿನ ಮಾತು. ಹುಡುಗರಿಗೆ ವಿಮೆ ದುಬಾರಿ ಎಂಬ ಸುದ್ದಿ ನಮ್ಮಲ್ಲಿಗೆ ಬಂದದ್ದು ಬಹುಮಟ್ಟಿಗೆ ಹೊರದೇಶಗಳಲ್ಲಿ ನೆಲೆಸಿರುವ ಬಂಧುಗಳ ಬಾಯಿಂದ. ಅಲ್ಲಿ ಅದು ನಿಜ. ಇಂಗ್ಲೆಂಡಿನಲ್ಲಿ ಹದಿನೇಳು ತುಂಬಿದವರು ಕಾರು ಓಡಿಸಬಹುದು, ಆದರೆ ವಿಮಾ ಕಂಪನಿಯವರು ಕಾರನ್ನು ನೋಡುವಷ್ಟೇ ಓಡಿಸುವವನ ವಯಸ್ಸನ್ನೂ ಅನುಭವವನ್ನೂ ನೋಡಿ ಕಂತು ಕಟ್ಟುತ್ತಾರೆ. ಆದಕಾರಣ ಮಗನ ಕಾರಿಗೆ ತಂದೆಯೇ ಮುಖ್ಯ ಚಾಲಕನೆಂದು ಬರೆಯಿಸಿ, ಮಗನನ್ನು ಆಗೀಗ ಓಡಿಸುವವನೆಂದು ತೋರಿಸಿ ಹಣ ಉಳಿಸುವ ಉಪಾಯ ಅಲ್ಲಿ ಬಳಕೆಯಲ್ಲಿದೆ. ಅದಕ್ಕೆ 'ಫ್ರಂಟಿಂಗ್' ಎಂದು ಹೆಸರು, ಅಲ್ಲಿ ಅದನ್ನು ವಂಚನೆಯೆಂದೇ ಎಣಿಸುತ್ತಾರೆ. ತಿಳಿದೂ ಸುಳ್ಳು ಹೇಳಿದವನ ಪಾಲಿಸಿಯನ್ನು ಕಂಪನಿ ಪೂರ್ತಿಯಾಗಿ ರದ್ದು ಮಾಡಬಹುದೆಂದು ಆ ದೇಶದ 2012ರ ಕಾಯಿದೆ ಹೇಳುತ್ತದೆ. ವಿಮೆ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಲೈಸೆನ್ಸಿನ ಮೇಲೆ ಆರು ದಂಡಾಂಕ ಬೀಳುತ್ತದೆ. ಲೈಸೆನ್ಸು ಪಡೆದ ಎರಡು ವರ್ಷದೊಳಗೆ ಆರು ಅಂಕ ಬಂದರೆ ಆ ಲೈಸೆನ್ಸೇ ಹೋಗುತ್ತದೆ. ಮಕ್ಕಳನ್ನು ಓದಿಗೆಂದು ಅಲ್ಲಿಗೆ ಕಳಿಸಿರುವ ತಂದೆತಾಯಿಗಳು, ಅಲ್ಲಿಯ ನೆಂಟರ ಹೆಸರಿನಲ್ಲಿ ಕಾರಿನ ವಿಮೆ ಇಟ್ಟುಕೊಳ್ಳೆಂದು ಸಲಹೆ ಕೊಡುವ ಮೊದಲು ಇದಿಷ್ಟನ್ನು ತಿಳಿದಿರಬೇಕು.

ನಮ್ಮ ದೇಶದ ಲೆಕ್ಕವೇ ಬೇರೆ. ಇಲ್ಲಿ ಕಂತು ಮುಖ್ಯವಾಗಿ ವಾಹನವನ್ನು ನೋಡುತ್ತದೆ. ಎಂಜಿನ್ನಿನ ಸಿ.ಸಿ. ಎಷ್ಟು, ವಾಹನದ ವಯಸ್ಸೆಷ್ಟು, ಇಂದಿನ ಬೆಲೆ ಎಷ್ಟು, ನೋಂದಣಿ ಎಲ್ಲಿ ಎಂಬುವೇ ಆಧಾರ. ಥರ್ಡ್ ಪಾರ್ಟಿ ವಿಮೆಯ ದರವನ್ನಂತೂ ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಸಾವಿರ ಸಿ.ಸಿ.ವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, ಸಾವಿರದಿಂದ ಸಾವಿರದೈನೂರರವರೆಗೆ 3,416 ರೂಪಾಯಿ, ಅದಕ್ಕೂ ಮೇಲ್ಪಟ್ಟದ್ದಕ್ಕೆ 7,897 ರೂಪಾಯಿ. ಇಪ್ಪತ್ತೆರಡರ ಹುಡುಗನಿಗೂ ಅರವತ್ತೆರಡರ ಹಿರಿಯರಿಗೂ ಇದು ಒಂದೇ. ಕಾರಿಗೆ ಆಗುವ ಜಖಮಿನ ವಿಮೆಯ ದರವನ್ನು 2007ರಿಂದ ಕಂಪನಿಗಳ ಇಷ್ಟಕ್ಕೆ ಬಿಟ್ಟಿದ್ದಾರೆ. ಅಲ್ಲಿ ಸ್ವಲ್ಪ ಏರಿಳಿತ ಇರಬಹುದು, ಆದರೂ ಹೆಸರು ಬದಲಿಸಿ ಉಳಿಸುವಷ್ಟು ದೊಡ್ಡ ಗಂಟು ಅಲ್ಲಿಲ್ಲ. ಹಾಗೆಯೇ ಪಾಲಿಸಿಯ ಚಾಲಕನ ಕಲಮನ್ನು ಓದಿ ನೋಡಿ: ಮಾಲೀಕನಲ್ಲದೆ ಊರ್ಜಿತ ಲೈಸೆನ್ಸು ಇರುವ ಯಾರು ಓಡಿಸಿದರೂ ವಿಮೆ ಅನ್ವಯಿಸುತ್ತದೆಂದು ಅದು ಹೇಳುತ್ತದೆ. ಎಲ್.ಎಲ್.ಆರ್. ಇರುವವನೂ ನಿಯಮದಂತೆ ಪಕ್ಕದಲ್ಲಿ ಲೈಸೆನ್ಸು ಉಳ್ಳವರನ್ನು ಕೂರಿಸಿಕೊಂಡು, 'ಎಲ್' ಫಲಕ ಹಾಕಿಕೊಂಡು ಓಡಿಸಬಹುದು. ಆದುದರಿಂದ ಚಿಕ್ಕಪ್ಪನ ಕಾರನ್ನು ಅಣ್ಣನ ಮಗ ಓಡಿಸಿದ ಮಾತ್ರಕ್ಕೆ ಅದು ಕಳ್ಳತನವೂ ಅಲ್ಲ, ವಂಚನೆಯೂ ಅಲ್ಲ.

ಹಾಗಿದ್ದರೆ ನಷ್ಟವೆಲ್ಲಿ? ಉಳಿತಾಯವಿಲ್ಲದ ಕಡೆ ಹೊಣೆ ಮಾತ್ರ ಉಳಿದುಕೊಳ್ಳುತ್ತದೆ, ಅದೇ ನಷ್ಟ.

1988ರ ಮೋಟಾರು ವಾಹನ ಕಾಯಿದೆಯ ಎರಡನೆಯ ಕಲಮಿನ ಪ್ರಕಾರ ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಹಣ ಕೊಟ್ಟವರಲ್ಲ, ಕೀಲಿಕೈ ಇಟ್ಟುಕೊಂಡವರಲ್ಲ. ಕೈಯಿಂದ ಕೈಗೆ ಮಾರಾಟವಾಗಿ ಹೋದ ವಾಹನದ ಪ್ರಕರಣದಲ್ಲಿಯೂ, ಆರ್.ಸಿ.ಯಲ್ಲಿ ಹೆಸರು ಉಳಿದಿದ್ದವರೇ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟಿದೆ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಹುಡುಗ ಕೆಂಪು ದೀಪ ದಾಟಿದರೆ ದಂಡದ ಸೂಚನೆ ಬರುವುದು ಕೊಪ್ಪದಲ್ಲಿ ಕುಳಿತ ಚಿಕ್ಕಪ್ಪನವರ ಮೊಬೈಲಿಗೆ. ಇದು ನಗುವ ವಿಷಯ. ಅಪಘಾತವಾದರೆ ನಗು ನಿಲ್ಲುತ್ತದೆ. ಯಾರು ಓಡಿಸುತ್ತಿದ್ದರು, ಅವರ ಲೈಸೆನ್ಸು ಎಲ್ಲಿ ಎಂದು 133ನೆಯ ಕಲಮಿನಡಿ ಪೊಲೀಸರು ಉತ್ತರ ಕೇಳುವುದು ಮಾಲೀಕರನ್ನು. ಅಪಘಾತ ಪರಿಹಾರ ನ್ಯಾಯಮಂಡಳಿಯ ಅರ್ಜಿಯಲ್ಲಿ ಎದುರುದಾರರಾಗಿ ಹೆಸರು ಬರುವುದೂ ಅವರದೇ.

ವಿಮೆ ಇದೆಯಲ್ಲ, ಕಂಪನಿ ಕೊಡುತ್ತದೆ ಎನ್ನಬಹುದು. ಎಲ್ಲವೂ ಸರಿಯಿದ್ದರೆ ಕೊಡುತ್ತದೆ. ಅನ್ಯರ ಪ್ರಾಣಹಾನಿಗೂ ಗಾಯಕ್ಕೂ ಥರ್ಡ್ ಪಾರ್ಟಿ ವಿಮೆಯಲ್ಲಿ ಮಿತಿಯಿಲ್ಲ. ಆದರೆ ಓಡಿಸಿದವನಿಗೆ ಲೈಸೆನ್ಸು ಇಲ್ಲದಿದ್ದರೆ ಅಥವಾ ಅದು ಮುಗಿದು ಹೋಗಿದ್ದರೆ? ಇಂಥ ಸಂದರ್ಭಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ 2004ರ ಜನವರಿಯಲ್ಲಿ ವಿಸ್ತಾರವಾಗಿ ತೀರ್ಪು ಕೊಟ್ಟಿತು. ಅದರಂತೆ ನೊಂದವರಿಗೆ ಕಂಪನಿ ಮೊದಲು ಹಣ ಕೊಡಬೇಕಾಗಬಹುದು, ಆಮೇಲೆ ಆ ಹಣವನ್ನು ಮಾಲೀಕರಿಂದ ವಸೂಲು ಮಾಡಿಕೊಳ್ಳಬಹುದು. ವಸೂಲಾತಿಯ ಅಮಲ್ಜಾರಿ ಬಂದಾಗ ಅದು ಹುಡಕುವುದು ಆಸ್ತಿಯನ್ನು. ಹುಡುಗನ ಹೆಸರಿನಲ್ಲಿ ಏನೂ ಇಲ್ಲ. ಚಿಕ್ಕಪ್ಪನ ಹೆಸರಿನಲ್ಲಿ ಅಡಿಕೆ ತೋಟವಿದೆ. ಅದೇ ತೀರ್ಪಿನಲ್ಲಿ ಮಾಲೀಕರಿಗೆ ಒಂದು ರಕ್ಷಣೆಯೂ ಇದೆ: ಲೈಸೆನ್ಸು ಇದೆಯೇ ಎಂದು ವಿಚಾರಿಸಿ ತಕ್ಕಷ್ಟು ಎಚ್ಚರಿಕೆ ವಹಿಸಿದ್ದರೆ ಅವರ ಮೇಲೆ ತಪ್ಪು ಹೊರಿಸಲಾಗದು. ಆದಕಾರಣ ಮನೆಯ ಹುಡುಗನೇ ಆದರೂ ಕೀಲಿ ಕೊಡುವ ಮೊದಲು ಲೈಸೆನ್ಸನ್ನು ಕಣ್ಣಾರೆ ನೋಡಿ, ಅದರ ಒಂದು ನಕಲನ್ನು ಪೆಟ್ಟಿಗೆಯಲ್ಲಿಡುವುದು ಅಪನಂಬಿಕೆಯ ಲಕ್ಷಣವಲ್ಲ.

ಲೈಸೆನ್ಸೇ ಪಡೆಯಲಾಗದ ವಯಸ್ಸಿನ ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಕಠಿಣವಾಗಿದೆ. ತೋಟದೊಳಗೆ ಜೀಪು ತಿರುಗಿಸಿ ಕಲಿತ ಹದಿನೈದರ ಹುಡುಗ, ಒಂದು ದಿನ ಹಾಲಿನ ಡೈರಿಯವರೆಗೆ, ಇನ್ನೊಂದು ದಿನ ಜಯಪುರದ ಪೇಟೆಯವರೆಗೆ ಬರುವುದನ್ನು ನಾವು ಮೆಚ್ಚುಗೆಯಿಂದಲೇ ನೋಡುತ್ತೇವೆ. 2019ರ ತಿದ್ದುಪಡಿಯಿಂದ ಸೇರಿದ 199-ಎ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಕ ವಾಹನ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ವಾಹನದ ಮಾಲೀಕರೇ ಅಪರಾಧಿಗಳು. ಮೂರು ವರ್ಷಗಳವರೆಗೆ ಸೆರೆವಾಸ, ಇಪ್ಪತ್ತೈದು ಸಾವಿರ ರೂಪಾಯಿ ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು, ಆ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ತಮಗೆ ಗೊತ್ತಿಲ್ಲದೆ ನಡೆಯಿತೆಂದು ತೋರಿಸುವ ಭಾರವೂ ಹಿರಿಯರ ಮೇಲೆಯೇ ಇದೆ. ಹದಿನಾರಕ್ಕೆ ಲೈಸೆನ್ಸು ಸಿಗುತ್ತದೆಂಬ ಮಾತೂ ಪ್ರಚಾರದಲ್ಲಿದೆ. ಅದು ಸಿಗುವುದು ಐವತ್ತು ಸಿ.ಸಿ. ಮೀರದ ಗೇರಿಲ್ಲದ ವಾಹನಕ್ಕೆ ಮಾತ್ರ. ಇಂದು ಕಾಲೇಜಿನ ಮಕ್ಕಳು ಓಡಿಸುವ ಪೆಟ್ರೋಲ್ ಸ್ಕೂಟರುಗಳಲ್ಲಿ ಬಹುಪಾಲು ನೂರು ಸಿ.ಸಿ.ಗೂ ಮೇಲಿನವು.

ಇನ್ನು ಓಡಿಸುವ ಹುಡುಗನ ಗತಿ. ಈ ಲೇಖನದಲ್ಲಿ ಓದುಗರು ಒಂದೇ ವಿಷಯವನ್ನು ನೆನಪಿಡುವುದಾದರೆ ಇದನ್ನು ಇಡಲಿ. ಥರ್ಡ್ ಪಾರ್ಟಿ ಎಂದರೆ ಮೂರನೆಯವರು. ಮಾಲೀಕ ಮೊದಲನೆಯವ, ಕಂಪನಿ ಎರಡನೆಯದು. ಮಾಲೀಕರ ಕಾರನ್ನು ಕೇಳಿ ಪಡೆದು ಓಡಿಸುತ್ತ ಸತ್ತವನು ಎಷ್ಟನೆಯವನು? ಈ ಪ್ರಶ್ನೆ ನಮ್ಮ ರಾಜ್ಯದಿಂದಲೇ ದೆಹಲಿಯವರೆಗೆ ಹೋಯಿತು. ಇಳಕಲ್ಲಿನಿಂದ ತನ್ನೂರಾದ ಗುಡೂರಿಗೆ ಬೇರೊಬ್ಬರ ಮೋಟಾರ್ ಸೈಕಲ್ ಪಡೆದು ಹೊರಟವರೊಬ್ಬರು, ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಥಟ್ಟನೆ ನಿಂತಾಗ ಅದಕ್ಕೆ ಬಡಿದು ಮರಣ ಹೊಂದಿದರು. ಮನೆಯವರು ಆ ಮೋಟಾರ್ ಸೈಕಲ್ಲಿನ ವಿಮಾ ಕಂಪನಿಯಿಂದ 163-ಎ ಕಲಮಿನಡಿ ಪರಿಹಾರ ಕೇಳಿದರು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು: ವಾಹನವನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುತ್ತಾನೆ. ಕೊಡಬೇಕಾದವನೂ ಪಡೆಯಬೇಕಾದವನೂ ಒಬ್ಬನೇ ಆಗಲಾರ. ಆದುದರಿಂದ ಆ ಕಲಮಿನಡಿ ಅರ್ಜಿ ನಿಲ್ಲುವುದಿಲ್ಲ. ಇದೇ ತತ್ವವನ್ನು 2020ರಲ್ಲಿ ಮತ್ತೊಂದು ಪ್ರಕರಣದಲ್ಲಿ ಎತ್ತಿಹಿಡಿದ ನ್ಯಾಯಾಲಯ, ಪಾಲಿಸಿಯಲ್ಲಿದ್ದ ವೈಯಕ್ತಿಕ ಅಪಘಾತ ವಿಮೆಯ ಒಂದು ಲಕ್ಷ ರೂಪಾಯಿಯನ್ನು ಮಾತ್ರ ಕೊಡಿಸಿತು. ಒಂದು ಲಕ್ಷಕ್ಕಾಗಿ ಎಷ್ಟು ವರ್ಷದ ಅಲೆದಾಟವೆಂಬುದನ್ನು ಆಲೋಚಿಸಿ.

ಈಗ ಆ ವೈಯಕ್ತಿಕ ಅಪಘಾತ ವಿಮೆಯ ಮೊತ್ತ ಹದಿನೈದು ಲಕ್ಷ. 2018ರಲ್ಲಿ ಅದನ್ನು ಏರಿಸಿದರು. 'ಮಾಲೀಕ-ಚಾಲಕ'ನಿಗೆ ಕಡ್ಡಾಯವಾದ ವಿಮೆ ಅದು. ಹೆಸರಿನಲ್ಲಿಯೇ ಅದರ ಷರತ್ತು ಇದೆ. ಪಾಲಿಸಿಯ ಬರಹದಂತೆ ಓಡಿಸುವವನು ನೋಂದಾಯಿತ ಮಾಲೀಕನಾಗಿರಬೇಕು, ಪಾಲಿಸಿ ಅವನ ಹೆಸರಿನಲ್ಲಿರಬೇಕು, ಲೈಸೆನ್ಸು ಇರಬೇಕು. ಕಾರು ಹುಡುಗನ ಹೆಸರಿನಲ್ಲಿದ್ದು ಅವನೇ ಓಡಿಸುವಾಗ ವಿಧಿ ಮುನಿದರೆ ಅವನ ತಾಯಿಗೆ ಹದಿನೈದು ಲಕ್ಷ ಬರುತ್ತದೆ. ಅದೇ ಕಾರು ಚಿಕ್ಕಪ್ಪನ ಹೆಸರಿನಲ್ಲಿದ್ದರೆ, ಓಡಿಸುತ್ತಿದ್ದವನು ಮಾಲೀಕನಲ್ಲವೆಂದು ಕಂಪನಿ ಕೈ ಚೆಲ್ಲುತ್ತದೆ. ಕಂತಿನಲ್ಲಿ ನಾಲ್ಕು ಕಾಸು ಉಳಿಯುತ್ತದೆಂಬ ಭ್ರಮೆಗೆ ಮನೆಯವರು ಬಿಟ್ಟುಕೊಡುವುದು ಇದನ್ನು.

ಹೆಸರು ಎರಡು ಕಡೆ ಎರಡು ಬಗೆಯಾಗಿದ್ದರೆ ತೊಂದರೆ ಇಮ್ಮಡಿ. ಆರ್.ಸಿ. ಒಬ್ಬರದು, ಪಾಲಿಸಿ ಇನ್ನೊಬ್ಬರದು ಎಂಬ ಸ್ಥಿತಿ ಹಳೆಯ ಕಾರು ಕೊಂಡಾಗ ಹೆಚ್ಚಾಗಿ ಉಂಟಾಗುತ್ತದೆ. ಮಾವನ ಕಾರನ್ನು ಅಳಿಯ ಕೊಳ್ಳುತ್ತಾನೆ, ಆರ್.ಸಿ. ತನ್ನ ಹೆಸರಿಗೆ ಮಾಡಿಸುತ್ತಾನೆ, ಪಾಲಿಸಿ ಇನ್ನೂ ಆರು ತಿಂಗಳಿದೆಯಲ್ಲ ಎಂದು ಸುಮ್ಮನಿರುತ್ತಾನೆ. ಕಾಯಿದೆಯ 157ನೆಯ ಕಲಮಿನಂತೆ ಪಾಲಿಸಿ ಕಾರಿನ ಜೊತೆಗೇ ಹೊಸಬನಿಗೆ ಬಂದಂತೆ ಭಾವಿಸಲಾಗುತ್ತದೆ, ಹದಿನಾಲ್ಕು ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಆದರೆ ಆ 'ಭಾವನೆ' ಮೂರನೆಯವರ ಪರಿಹಾರಕ್ಕಷ್ಟೇ ಸೀಮಿತ, ಕಾರಿಗೇ ಆದ ಜಖಮಿಗೆ ಸಲ್ಲುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ತೀರ್ಮಾನಿಸಿದೆ. ಆಷಾಢದ ಮಳೆಗೆ ಶೃಂಗೇರಿ ರಸ್ತೆಯಲ್ಲಿ ಮರ ಉರುಳಿ ಕಾರಿನ ಮೇಲೆ ಬಿದ್ದರೆ ಅಳಿಯನಿಗೂ ಹಣವಿಲ್ಲ, ಮಾವನಿಗೂ ಹಣವಿಲ್ಲ. ಥರ್ಡ್ ಪಾರ್ಟಿ ಮಾತ್ರ ಮಾಡಿಸಿದವರಿಗೆ ಹೆಸರು ಸರಿಯಿದ್ದರೂ ಮರ ಬಿದ್ದ ನಷ್ಟ ಬಾರದು ಎಂಬುದು ಬೇರೆ ಮಾತು. ನಮ್ಮ ಮಳೆಯ ಸೀಮೆಯಲ್ಲಿ ಫುಲ್ ಇನ್ಶೂರೆನ್ಸ್ ಬಿಡಬಾರದು.

ನೋ ಕ್ಲೇಮ್ ಬೋನಸ್ಸಿನ ಆಸೆಯನ್ನೂ ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಐದು ವರ್ಷ ಕ್ಲೇಮ್ ಮಾಡದ ಹಿರಿಯರಿಗೆ ಜಖಮಿನ ಕಂತಿನಲ್ಲಿ ಶೇಕಡಾ 50ರಷ್ಟು ರಿಯಾಯಿತಿ ಇರುತ್ತದೆ. ಅದು ಮನುಷ್ಯನಿಗೆ ಸೇರಿದ್ದು, ಕಾರಿಗಲ್ಲ. ಮುಂದೆ ಕಾರನ್ನು ಹುಡುಗನ ಹೆಸರಿಗೆ ವರ್ಗಾಯಿಸಿದ ದಿನ ಅದು ಅವನೊಡನೆ ಹೋಗುವುದಿಲ್ಲ. ಮಾಲೀಕರು ತೀರಿಕೊಂಡು ವಾಹನ ಪತಿ ಅಥವಾ ಪತ್ನಿಗೆ, ಮಕ್ಕಳಿಗೆ, ತಂದೆತಾಯಿಗೆ ಬಂದಾಗ ಮಾತ್ರ ಆ ರಿಯಾಯಿತಿಯೂ ಅವರಿಗೆ ಬರುತ್ತದೆ. ಆ ಪಟ್ಟಿಯಲ್ಲಿ ಅಣ್ಣನ ಮಗನಿಲ್ಲ.

ತೀರಿಕೊಳ್ಳುವ ಮಾತು ಬಂದಿತು. ಅಮಂಗಳವೆಂದು ಇದನ್ನು ಯಾರೂ ಮನೆಯಲ್ಲಿ ಆಡುವುದಿಲ್ಲ, ಅದರಿಂದಲೇ ತೊಡಕು. ಅಜ್ಜನವರು ಹೋಗಿ ಎಂಟು ವರ್ಷವಾದರೂ ಅವರ ಹೆಸರಿನಲ್ಲಿಯೇ ಓಡಾಡುತ್ತಿರುವ ಜೀಪುಗಳು ಮಲೆನಾಡಿನಲ್ಲಿ ಅಪರೂಪವಲ್ಲ. ವರ್ಷವರ್ಷವೂ ಏಜೆಂಟರು ಅಜ್ಜನ ಹೆಸರಿಗೇ ಪಾಲಿಸಿ ಮಾಡಿಸಿ ತಂದುಕೊಡುತ್ತಾರೆ. ಆದರೆ ಪಾಲಿಸಿಯಲ್ಲಿಯೇ ಬರೆದಿದೆ: ವಿಮೆದಾರರು ಮರಣ ಹೊಂದಿದರೆ ಪಾಲಿಸಿ ಮೂರು ತಿಂಗಳು ಅಥವಾ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಷ್ಟು ಕಾಲ ಮಾತ್ರ ನಿಲ್ಲುತ್ತದೆ. ಅಷ್ಟರೊಳಗೆ ವಾರಸುದಾರರು ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆರ್.ಸಿ.ಗೂ ಹೆಚ್ಚುಕಡಿಮೆ ಅದೇ ಗಡುವು. ಮರಣವಾದ ಮೂವತ್ತು ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ಅರ್ಜಿ ಹಾಕಬೇಕು. ಸತ್ತವರ ಹೆಸರಿನಲ್ಲಿ ಕಟ್ಟಿದ ಕಂತನ್ನು ಕಂಪನಿ ಮರುಮಾತಿಲ್ಲದೆ ಸ್ವೀಕರಿಸುತ್ತದೆ. ಪ್ರಶ್ನೆ ಏಳುವುದು ಪರಿಹಾರ ಕೇಳಿದ ದಿನ.

ಚಿಕ್ಕಪ್ಪನ ಹೆಸರಿನಲ್ಲಿ ಹುಡುಗನ ಕಾರು ಇರುವಾಗ ಚಿಕ್ಕಪ್ಪನವರೇ ತೀರಿಕೊಂಡರೆ? ಕಾನೂನಿನ ಪ್ರಕಾರ ಆ ಕಾರು ಅವರ ಹೆಂಡತಿ ಮಕ್ಕಳಿಗೆ, ತಾಯಿಯಿದ್ದರೆ ಅವರಿಗೂ ಸೇರುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಸಮಪಾಲು. ತಿಂಗಳು ತಿಂಗಳು ಸಾಲದ ಕಂತು ಕಟ್ಟಿದ ಅಣ್ಣನ ಮಗ ಎಲ್ಲರ ಸಹಿಗಾಗಿ ಬಾಗಿಲು ಬಾಗಿಲು ತಿರುಗಬೇಕು. ಪಾಲು ಪಂಚಾಯಿತಿಯ ಬಿಸಿ ಇರುವ ಮನೆಯಾದರೆ ಆ ಸಹಿ ಎಷ್ಟು ಸುಲಭವಾಗಿ ಸಿಕ್ಕೀತೆಂಬುದನ್ನು ನಾನು ಹೇಳಬೇಕಾಗಿಲ್ಲ. ನ್ಯಾಯಾಲಯಕ್ಕೆ ಹೋಗುತ್ತೇನೆಂದರೆ ಅಲ್ಲಿ ಬೇನಾಮಿ ಕಾಯಿದೆ ಅಡ್ಡ ನಿಲ್ಲುತ್ತದೆ. ಬೇನಾಮಿ ಎಂದರೆ ನೆಲ, ಮನೆ ಮಾತ್ರವೆಂದು ಬಹಳ ಜನರ ತಿಳಿವಳಿಕೆ. 1988ರ ಆ ಕಾಯಿದೆಯನ್ನು 2016ರಲ್ಲಿ ತಿದ್ದಿದ ಮೇಲೆ ಚರಾಸ್ತಿಯೂ ಸ್ಪಷ್ಟವಾಗಿ ಅದರೊಳಗೆ ಬಂದಿದೆ. ತನ್ನ ತಿಳಿದ ಆದಾಯದಿಂದ ಹೆಂಡತಿ ಅಥವಾ ಮಕ್ಕಳ ಹೆಸರಿನಲ್ಲಿ ಕೊಂಡದ್ದಕ್ಕೆ ವಿನಾಯಿತಿಯಿದೆ. ಚಿಕ್ಕಪ್ಪನ ಹೆಸರಿನಲ್ಲಿ ಕೊಂಡದ್ದಕ್ಕೆ ಇಲ್ಲ. ಹಣ ನನ್ನದು, ಹೆಸರು ಮಾತ್ರ ಅವರದು ಎಂದು ದಾವೆ ಹೂಡುವ ಹಕ್ಕನ್ನೇ ಆ ಕಾಯಿದೆಯ ನಾಲ್ಕನೆಯ ಕಲಮು ತಡೆಯುತ್ತದೆ.

ಇನ್ನೊಂದು ಪದ್ಧತಿಯನ್ನು ನಮ್ಮ ಕಡೆಯವರಿಗಾಗಿಯೇ ಹೇಳಬೇಕು. ಶೃಂಗೇರಿಗೆ ಬಂದ ಯಾತ್ರಿಕರನ್ನು ಕಿಗ್ಗಾಕ್ಕೆ, ಹೊರನಾಡಿಗೆ ಕರೆದೊಯ್ಯಲು ಹುಡುಗರು ಮನೆಯ ಬಿಳಿ ಬೋರ್ಡಿನ ಕಾರನ್ನೇ ಬಾಡಿಗೆಗೆ ಬಿಡುವುದುಂಟು. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆಯ ಓಡಾಟಕ್ಕೆ ಅವಕಾಶವಿಲ್ಲವೆಂದು ಬರೆದಿರುತ್ತದೆ. ಘಾಟಿಯ ತಿರುವಿನಲ್ಲಿ ಅನಾಹುತವಾದರೆ ಕಾರಿನ ಜಖಮಿಗಂತೂ ಕಂಪನಿ ಒಪ್ಪುವುದಿಲ್ಲ. ಒಳಗಿದ್ದವರ ಪರಿಹಾರದ ವ್ಯಾಜ್ಯವೂ ಮಾಲೀಕರ ಕೊರಳಿಗೆ ಬರುವ ಸಂಭವವಿದೆ. ಹುಡುಗ ಎಲ್ಲಿಗೆ ಯಾರನ್ನು ಕರೆದುಕೊಂಡು ಹೋದನೆಂಬುದು ಹೆಸರು ಕೊಟ್ಟ ಹಿರಿಯರಿಗೆ ಗೊತ್ತೇ ಇರುವುದಿಲ್ಲ.

ಹಾಗಾದರೆ ಪತ್ರ ಬರೆದ ಮಹನೀಯರು ಏನು ಮಾಡಬೇಕು? ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಓಡಿಸುವವನ ಹೆಸರಿನಲ್ಲಿಯೇ ಆರ್.ಸಿ.ಯೂ ಪಾಲಿಸಿಯೂ ಇರಲಿ. ಅಣ್ಣ ಅತ್ತಿಗೆಯವರಿಗೆ ಹದಿನೈದು ಲಕ್ಷದ ವಿಷಯವನ್ನು ಮೊದಲು ವಿವರಿಸಿದರೆ ನಿರಾಕರಣೆ ಮಗುವಿನ ಹಿತಕ್ಕೇ ಎಂದು ಅವರಿಗೆ ಅರ್ಥವಾಗುತ್ತದೆ. ಬ್ಯಾಂಕಿನವರು ಹುಡುಗನ ಸಂಬಳ ಸಾಲದೆಂದರೆ ಚಿಕ್ಕಪ್ಪನವರು ಸಾಲಕ್ಕೆ ಜಾಮೀನು ನಿಲ್ಲಬಹುದು. ಜಾಮೀನೂ ಹೊಣೆಯೇ, ಆದರೆ ಅದರ ಮೊತ್ತ ಮೊದಲೇ ಗೊತ್ತಿರುತ್ತದೆ. ಅಪಘಾತದ ಹೊಣೆಗೆ ಮೊತ್ತವಿಲ್ಲ.

ಈಗಾಗಲೇ ಹಿರಿಯರ ಹೆಸರಿನಲ್ಲಿರುವ ವಾಹನವನ್ನು ಮಕ್ಕಳು ಓಡಿಸುತ್ತಿದ್ದರೆ ಗಾಬರಿಯಾಗಬೇಕಾಗಿಲ್ಲ. 29 ಮತ್ತು 30ನೆಯ ನಮೂನೆಗಳಲ್ಲಿ ಅರ್ಜಿ ಹಾಕಿ ವರ್ಗಾಯಿಸಬಹುದು. ಸಾಲ ತೀರದಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ವರ್ಗಾವಣೆ ಬೇಡವೆಂದರೆ ಆರ್.ಸಿ.ಯಲ್ಲಿ ನಾಮಿನಿಯನ್ನಾದರೂ ಸೂಚಿಸಿ. 2021ರ ನಿಯಮ ತಿದ್ದುಪಡಿಯಿಂದ ಅದಕ್ಕೆ ಅವಕಾಶವಾಗಿದೆ. ಪಾಲಿಸಿ ನವೀಕರಿಸುವಾಗ ಕಾರಿನಲ್ಲಿ ಕೂರುವವರಿಗೂ ವೈಯಕ್ತಿಕ ಅಪಘಾತ ವಿಮೆ ಸೇರಿಸಿರೆಂದು ಏಜೆಂಟರಿಗೆ ಹೇಳಿ, ಇಲ್ಲವೆ ಓಡಿಸುವ ಮಗನ ಹೆಸರಿನಲ್ಲಿ ಬೇರೆಯಾಗಿಯೇ ಒಂದು ಅಪಘಾತ ವಿಮೆ ಮಾಡಿಸಿ. ಅದೂ ಆಗದವರಿಗೆ ಬ್ಯಾಂಕಿನ ಮೂಲಕ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ಹದಿನೆಂಟರಿಂದ ಎಪ್ಪತ್ತರ ವಯಸ್ಸಿನವರಿಗೆ, ಅಪಘಾತದ ಮರಣಕ್ಕೆ ಎರಡು ಲಕ್ಷ ರೂಪಾಯಿ. 2015ರಲ್ಲಿ ಹನ್ನೆರಡು ರೂಪಾಯಿಗೆ ಆರಂಭವಾದದ್ದು 2022ರ ಜೂನಿನಿಂದ ವರ್ಷಕ್ಕೆ ಇಪ್ಪತ್ತು ರೂಪಾಯಿ. ಮೇ ತಿಂಗಳ ಕೊನೆಗೆ ಆ ಹಣ ಖಾತೆಯಿಂದ ತಾನೇ ಕಡಿತವಾಗುತ್ತದೆ, ಆ ವೇಳೆಗೆ ಖಾತೆಯಲ್ಲಿ ಅಷ್ಟು ಹಣ ಇರುವಂತೆ ನೋಡಿಕೊಂಡರಾಯಿತು.